ಅಂಗಡಿ ಕಟ್ಟೆಯಿಂದ: ಬೆಂಕಿಯ ಲೆಕ್ಕಕ್ಕೆ ಸಣ್ಣ ಖಾನೆ



ಸೂರ್ಯನೊಳಗಿನ ಬೆಂಕಿಯನ್ನು ಭೂಮಿಯ ಮೇಲೆ ಉರಿಸಿ ವಿದ್ಯುತ್ತು ಪಡೆಯಬೇಕೆಂಬ ಹಟ ವಿಜ್ಞಾನಿಗಳಿಗೆ 70 ವರ್ಷಗಳಿಂದಲೂ ಇದೆ. ಅದಕ್ಕಾಗಿ ದಕ್ಷಿಣ ಫ್ರಾನ್ಸಿನಲ್ಲಿ ‘ಈಟರ್’ ಎಂಬ ದೊಡ್ಡ ಯಂತ್ರ ಕಟ್ಟುತ್ತಿದ್ದಾರೆ. 2005ರಲ್ಲಿ ನಮ್ಮ ದೇಶವೂ ಅದರಲ್ಲಿ ಪಾಲುದಾರನಾಯಿತು. ಅದರ ಬಳೆಯಾಕಾರದ ಕೋಣೆಯಲ್ಲಿ ಜಲಜನಕದ ಜಾತಿಯ ಅನಿಲ 15 ಕೋಟಿ ಡಿಗ್ರಿಗೆ ಕಾದು ಪ್ಲಾಸ್ಮಾ ಆಗಬೇಕು. ಅದು ಗೋಡೆಗೆ ತಾಗದಂತೆ ಅಯಸ್ಕಾಂತದ ಬಲದಿಂದ ಹಿಡಿಯುತ್ತಾರೆ.

ಈ ಒಲೆಗೆ ಸೌದೆ ಹಾಕುವುದು ಹೇಗೆ? ಜಲಜನಕವನ್ನು ಹೆಪ್ಪುಗಟ್ಟಿಸಿ, ಕೆಲವೇ ಮಿಲಿಮೀಟರಿನ ಗುಳಿಗೆ ಮಾಡಿ, ವೇಗದಿಂದ ಒಳಕ್ಕೆ ಹೊಡೆಯುತ್ತಾರೆ. ಅದು ನಡುವಿಗೆ ಮುಟ್ಟೀತೆ, ಅಂಚಿನಲ್ಲೇ ಕರಗಿ ಹೊರಬಿದ್ದೀತೆ? ಕಟ್ಟುವ ಮೊದಲೇ ತಿಳಿಯಬೇಕಾದ ಮಾತು. ಅದಕ್ಕೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ.

ಕೋಣೆಯನ್ನು ಖಾನೆಗಳಾಗಿ ಹೆಚ್ಚಿ, ಪ್ರತಿ ಖಾನೆಯ ಒತ್ತಡ, ಕಾವು, ವೇಗಗಳನ್ನು ಕ್ಷಣಕ್ಷಣಕ್ಕೂ ಬರೆಯುವುದೇ ಈ ಲೆಕ್ಕ. 10 ಮೀಟರ್ ಉದ್ದ, ಅಗಲ, ಎತ್ತರದ ಜಾಗಕ್ಕೆ 10 ಸೆಂಟಿಮೀಟರಿನ ಖಾನೆ ಹಾಕಿದರೆ 10 ಲಕ್ಷವಾಗುತ್ತವೆ. ಆದರೆ ಅಷ್ಟು ದೊಡ್ಡ ಖಾನೆಯಲ್ಲಿ ಗುಳಿಗೆ ಕಾಣಿಸುವುದೇ ಇಲ್ಲ. ಒಂದು ಮಿಲಿಮೀಟರಿಗೆ ಇಳಿಸಿದರೆ ಒಂದು ಲಕ್ಷ ಕೋಟಿ ಖಾನೆ! ಖಾನೆ ಸಣ್ಣದಾದಂತೆ ಕಾಲದ ಹೆಜ್ಜೆಯೂ ಸಣ್ಣದಾಗಬೇಕು. ಅಳತೆ ಅರ್ಧವಾದರೆ ಕೆಲಸ 16 ಪಟ್ಟು.

1984ರಲ್ಲಿ ಮಾರ್ಷಾ ಬರ್ಗರ್ ಎಂಬ ಮಹಿಳೆ ಮತ್ತು ಜೋಸೆಫ್ ಆಲಿಗರ್ ಇದಕ್ಕೊಂದು ಉಪಾಯ ಪ್ರಕಟಿಸಿದರು. ಎಲ್ಲೆಡೆ ದೊಡ್ಡ ಖಾನೆ ಇರಲಿ. ಲೆಕ್ಕ ಒರಟಾಗುವಲ್ಲಿ ಮಾತ್ರ ಕಂಪ್ಯೂಟರು ತಾನೇ ಗುರುತು ಹಾಕಿ ಸಣ್ಣ ಖಾನೆ ಹಾಸಲಿ, ಸಾಲದಿದ್ದರೆ ಅದರೊಳಗೆ ಇನ್ನೂ ಸಣ್ಣದು. ಗುಳಿಗೆ ಮುಂದೆ ಹೋದಂತೆ ಸಣ್ಣ ಖಾನೆಗಳೂ ಅದರ ಜೊತೆ ಸರಿಯುತ್ತವೆ, ಹಿಂದಿನವು ಅಳಿಯುತ್ತವೆ. ನಮ್ಮ ಮುನಿಗಳ ಈರ್ಯಾಸಮಿತಿ ಇಲ್ಲಿ ನೆನಪಾಗದೆ ಇರದು. ಮುಂದಿನ ನಾಲ್ಕು ಮೊಳ ನೆಲ ನೋಡುತ್ತ ನಡೆಯುವಾಗ ದೃಷ್ಟಿ ಹೆಜ್ಜೆಯೊಡನೆ ಸರಿಯುತ್ತದೆ. ಹೋಲಿಕೆ ಇಷ್ಟಕ್ಕೇ. ಎಲ್ಲವೂ ನಮ್ಮ ಶಾಸ್ತ್ರದಲ್ಲೇ ಇತ್ತೆಂದು ಸಾಧಿಸುವವರು ನಾವಲ್ಲ.

ವ್ಯಾಪಾರಿಗಳಾದ ನಮಗೆ ಹಿಡಿಸಿದ್ದು ಗಡಿಯ ಲೆಕ್ಕ. ದೊಡ್ಡ ಖಾನೆಯೂ ಸಣ್ಣ ಖಾನೆಯೂ ಕೂಡುವ ಗೋಡೆಯಲ್ಲಿ ದಾಟಿದ ಸರಕನ್ನು ಎರಡೂ ಕಡೆ ಬರೆದಿರುತ್ತಾರೆ, ಮೊತ್ತ ಮಾತ್ರ ಬೇರೆ. ಹಾಗೇ ಬಿಟ್ಟರೆ ಇಲ್ಲದ ಸರಕು ಹುಟ್ಟುತ್ತದೆ, ಇದ್ದದ್ದು ಮಾಯವಾಗುತ್ತದೆ. ಬರ್ಗರ್ ಮತ್ತು ಫಿಲಿಪ್ ಕೊಲೆಲ್ಲಾ 1989ರಲ್ಲಿ ತೋರಿಸಿದಂತೆ ದೊಡ್ಡ ಖಾನೆಯ ನಮೂದು ಹೊಡೆದುಹಾಕಿ, ಸಣ್ಣ ಖಾನೆಗಳ ಮೊತ್ತವನ್ನೇ ಅಲ್ಲಿ ಬರೆಯಬೇಕು. ಕೀರ್ದಿಗೂ ಖತಾವಣಿಗೂ ತಾಳೆ ಬೀಳಬೇಕಲ್ಲ!

2004ರಲ್ಲಿ ಪ್ರಿನ್ಸ್‌ಟನ್ ಪ್ರಯೋಗಾಲಯದ ರವಿ ಸಮ್ತಾನಿ ಮತ್ತು ಸಂಗಡಿಗರು ಗುಳಿಗೆಯ ಲೆಕ್ಕವನ್ನು ಹೀಗೇ ಮಾಡಿ ಪ್ರಕಟಿಸಿದರು. ಕರಗಿದ ಸರಕು ಬಳೆಯ ಹೊರಬದಿಗೇ ಸರಿಯುತ್ತದೆ. ಆದ್ದರಿಂದ ಹೊರಗಿನಿಂದ ಹೊಡೆದರೆ ಬಹುಪಾಲು ಅಂಚಿನಲ್ಲೇ ಹಾಳು. ಒಳಬದಿಯಿಂದ ಹೊಡೆದರೆ ಅದೇ ಸರಿತ ಅದನ್ನು ನಡುವಿಗೆ ಒಯ್ಯುತ್ತದೆ. ಜರ್ಮನಿಯ ಯಂತ್ರದಲ್ಲಿ 1997ರಲ್ಲೇ ಹೀಗೆ ಕಂಡಿತ್ತು.

ಎಲ್ಲೆಡೆಯೂ ಸುಳಿಗಳಿದ್ದರೆ ಈ ಉಪಾಯದಿಂದ ಉಳಿತಾಯವಿಲ್ಲ. ಗುರುತು ಹಾಕುವ ನಿಯಮವೂ ಮನುಷ್ಯ ಕೊಟ್ಟದ್ದೇ; ಅದು ತಪ್ಪಿದರೆ ಕಂಪ್ಯೂಟರು ಬೇಡದ ಜಾಗದಲ್ಲಿ ಬಹು ಎಚ್ಚರದಿಂದ ಲೆಕ್ಕ ಹಾಕುತ್ತ ಕೂತಿರುತ್ತದೆ. ಅದಕ್ಕೇ ತಿಳಿದವರು ಇನ್ನೊಂದು ಮಟ್ಟ ಸಣ್ಣ ಖಾನೆ ಹಾಕಿ, ಅದೇ ಲೆಕ್ಕ ಮತ್ತೆ ಮಾಡಿ, ಉತ್ತರ ಬದಲಾಗುವುದೇ ಎಂದು ನೋಡುತ್ತಾರೆ.