ಕಿವಿ ಹಿಂಡಿದರೆ ಮಾತು ತಿಳಿಯುವುದಿಲ್ಲ

‘ಹೇಳಿದ ಮಾತು ಕೇಳದ ಮಕ್ಕಳಿಗೆ ಬೇಕಿರುವುದು ಶಿಸ್ತು, ತಜ್ಞರಲ್ಲ’ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಓದಲು ಖಡಕ್ಕಾಗಿದೆ, ಆದರೆ ತಪ್ಪು.

ಬಿಸಿಯೂಟದ ಹೊತ್ತಿಗೆ ಎರಡನೇ ತರಗತಿಯಲ್ಲಿ ‘ತಟ್ಟೆ ತಗೊಳ್ಳೋ ಮೊದಲು ಕೈ ತೊಳ್ಕೊಳ್ಳಿ’ ಎಂದು ಹೇಳಿ ನೋಡಿ. ಒಂದು ಮಗು ಸೀದಾ ತಟ್ಟೆಗೆ ಕೈ ಹಾಕುತ್ತದೆ. ಅದು ಉಡಾಫೆಯಲ್ಲ. ಕಿವಿಗೆ ಬಿದ್ದ ಕ್ರಮದಲ್ಲೇ ಅದು ಕೆಲಸ ಮಾಡಿದೆ. ‘ಮೊದಲು’ ಎಂಬುದು ಆ ಕ್ರಮವನ್ನು ತಿರುವುಮುರುವು ಮಾಡಿದ್ದು ಅದಕ್ಕೆ ದಕ್ಕಿಲ್ಲ. ಇದಕ್ಕೆ ಬೆತ್ತ ಏನು ಮಾಡೀತು?

ಮೊದಲು ಶ್ರವಣ ಪರೀಕ್ಷೆಯಾಗಲಿ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ತುಂಬಿ ಮಾತು ಮಸುಕಾಗುವುದುಂಟು. ಕಿವಿ ಸರಿಯಿದ್ದೂ ಭಾಷೆ ತಿಳಿಯದ ಮಕ್ಕಳೂ ಇದ್ದಾರೆ. ಬ್ರಿಟನ್ನಿನ ಅಧ್ಯಯನವೊಂದರ ಪ್ರಕಾರ ನೂರಕ್ಕೆ ಸುಮಾರು 7. ಮನೆಯಲ್ಲಿ ತುಳುವೋ ಉರ್ದುವೋ ಆಡುವ ಮಗು ಶಾಲೆಯ ಕನ್ನಡಕ್ಕೆ ತಡವರಿಸಿದರೆ ಅದು ಬೇರೆ ಮಾತು. ಮನೆಮಾತಿನಲ್ಲೂ ತೊಡಕಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೋರಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಆಡುಭಾಷೆಯನ್ನು ಗ್ರಹಿಸುವ ತೊಂದರೆಯನ್ನು ಕಲಿಕಾ ನ್ಯೂನತೆಯ ವಿವರಣೆಯೊಳಗೆ ಸೇರಿಸಿದೆ. ಲೇಖಕರು ಅದನ್ನೊಮ್ಮೆ ಓದಬಹುದಿತ್ತು.

ತರಗತಿಯಲ್ಲಿ ಗದ್ದಲ ಹೆಚ್ಚು ಎಂದು ಅವರು ಹೇಳಿದ್ದು ಮಾತ್ರ ನಿಜ. ಅದಕ್ಕೇ ಮಗುವನ್ನು ಮುಂದೆ ಕೂರಿಸಿ, ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಕೈಸನ್ನೆ ಸೇರಿಸಿ, ಉತ್ತರಕ್ಕೆ ತುಸು ಕಾಯಿರಿ. ‘ಅರ್ಥ ಆಯ್ತಾ?’ ಎಂದರೆ ಇಡೀ ತರಗತಿ ‘ಹೂಂ ಮಿಸ್’ ಎನ್ನುತ್ತದೆ, ಆ ಮಗುವೂ ಸೇರಿ. ‘ಈಗ ಏನ್ ಮಾಡ್ತೀಯ, ಹೇಳು’ ಎಂದು ಕೇಳಿ.