ಕಾಯಕದ ಲೆಕ್ಕ, ತೆರಿಗೆಯ ಲೆಕ್ಕ



ಅಪ್ಪ ಬಸವಣ್ಣನವರು ಕರಣಿಕರಾಗಿ ಸೇವೆಗೆ ಸೇರಿ, ಬಿಜ್ಜಳನ ಭಂಡಾರಿಗಳಾದ ಸಂಗತಿಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆ ಕಲ್ಯಾಣದ ನೆರೆಯಲ್ಲಿರುವ ಬೀದರ, ಭಾಲ್ಕಿ, ಔರಾದಗಳಲ್ಲಿ ಇಂದು ಲೆಕ್ಕವೆಂದರೆ ಅಂಜುವ ಕುಟುಂಬಗಳಿವೆ. ಮನೆಯಲ್ಲಿ ಶೇಂಗಾ ಹಿಂಡಿ ಕುಟ್ಟುವ ತಾಯಂದಿರು, ತೊಗರಿಬೇಳೆ ಮಾರುವ ತರುಣರು, ಬಿದರಿ ಕೆಲಸದ ಕುಶಲಕರ್ಮಿಗಳು ಆನ್‌ಲೈನ್ ವ್ಯಾಪಾರಕ್ಕೆ ಕೈಹಾಕುತ್ತಿದ್ದಾರೆ. ‘ಇ-ಇನ್ವಾಯ್ಸ್ ಮಾಡದಿದ್ದರೆ ದಂಡ’ ಎಂಬ ಮಾತು ಕಿವಿಗೆ ಬಿದ್ದೊಡನೆ ಕೆಲವರು ಹಿಂಜರಿಯುತ್ತಾರೆ. ಇನ್ನು ಕೆಲವರು ಬೇಡದ ಸಾಫ್ಟ್‌ವೇರಿಗೆ ಹಣ ಸುರಿಯುತ್ತಾರೆ. ಆದುದರಿಂದ ಈ ತಿಂಗಳು ಆ ವಿಷಯವನ್ನೇ ತಿಳಿಯೋಣ.

ಇ-ಇನ್ವಾಯ್ಸ್ ಎಂದರೆ ಕಂಪ್ಯೂಟರಿನಲ್ಲಿ ಮುದ್ರಿಸಿದ ಬಿಲ್ಲಷ್ಟೇ ಅಲ್ಲ. ಮಾರಾಟಗಾರನು ಬಿಲ್ಲಿನ ವಿವರಗಳನ್ನು ಸರಕಾರ ಮಾನ್ಯ ಮಾಡಿದ ಪೋರ್ಟಲ್‌ಗೆ ಕಳುಹಿಸಬೇಕು. ಅಲ್ಲಿಂದ 64 ಅಕ್ಷರಾಂಕಗಳ ಒಂದು ಗುರುತು ಸಂಖ್ಯೆಯೂ ಕ್ಯೂಆರ್ ಸಂಕೇತವೂ ದೊರೆಯುತ್ತವೆ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಆರಂಭವಾದ ಈ ನಿಯಮವು ಹಂತಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೆ ಅನ್ವಯಿಸಿದೆ. 2017-18ರಿಂದೀಚೆಗೆ ಹಿಂದಿನ ಯಾವುದೇ ಒಂದು ವರ್ಷದಲ್ಲಿ ಈ ಮಿತಿ ದಾಟಿದ್ದರೂ ಸಾಕು. ಬಳಿಕ ವ್ಯಾಪಾರ ಕುಗ್ಗಿತೆಂದು ವಿನಾಯಿತಿ ಇಲ್ಲ. ಅದೂ ಜಿಎಸ್‌ಟಿ ನೋಂದಣಿಯುಳ್ಳ ವ್ಯಾಪಾರಿಗೆ ತೆರಿಗೆಯುಳ್ಳ ಸರಕು ಮಾರಿದಾಗ ಮತ್ತು ರಫ್ತು ಮಾಡಿದಾಗ ಮಾತ್ರ. ಮನೆಬಳಕೆಗೆ ಕೊಳ್ಳುವ ಗಿರಾಕಿಗೆ ಇದು ಬೇಕಿಲ್ಲ. ಭಾಲ್ಕಿಯ ದೊಡ್ಡ ಬೇಳೆ ವ್ಯಾಪಾರಿಯು ಲೇಬಲ್ ಹಚ್ಚಿದ ಪೊಟ್ಟಣಗಳನ್ನು ಹೈದರಾಬಾದಿನ ಅಂಗಡಿಗೆ ಕಳುಹಿಸುವಾಗ ಇದು ಬೇಕಾದೀತು. ಹಿಂಡಿ ಮಾರುವ ತಾಯಿಗೆ ಬೇಕಾಗದು. ಬೇಕಾದವನು ಮಾಡದಿದ್ದರೆ ಮಾತ್ರ ಆ ಬಿಲ್ಲು ಕಾನೂನಿನ ದೃಷ್ಟಿಯಲ್ಲಿ ಬಿಲ್ಲೇ ಅಲ್ಲ.

ಹಾಗಾದರೆ ಸಣ್ಣವರು ನಿಶ್ಚಿಂತರೇ? ಅಲ್ಲ. ನಮ್ಮ ಗಡಿ ಜಿಲ್ಲೆಯವರು ಎಚ್ಚರ ವಹಿಸಬೇಕಾದ ಸ್ಥಳ ಬೇರೆಯಿದೆ. ಆನ್‌ಲೈನ್ ಮಾರುಕಟ್ಟೆಯ ಮೂಲಕ ತೆರಿಗೆಯುಳ್ಳ ಸರಕು ಮಾರುವವರು ವಹಿವಾಟು ಎಷ್ಟೇ ಅಲ್ಪವಿದ್ದರೂ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬ ನಿಯಮವಿತ್ತು. 2023ರ ಅಕ್ಟೋಬರ್ 1ರಿಂದ ಅದನ್ನು ಸಡಿಲಿಸಲಾಗಿದೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದಿದ್ದರೆ, ಪ್ಯಾನ್ ಆಧಾರದ ಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದು ಮಾರಬಹುದು. ಆದರೆ ರಾಜ್ಯದೊಳಗೆ ಮಾತ್ರ!

ಇದರ ಪರಿಣಾಮವನ್ನು ಯೋಚಿಸಿರಿ. ಔರಾದದ ತಾಯಿಯೊಬ್ಬಳು ಈ ಸಂಖ್ಯೆಯ ಬಲದಿಂದ ದೂರದ ಬೆಂಗಳೂರಿಗೆ ಹಿಂಡಿಯ ಡಬ್ಬಿ ಕಳುಹಿಸಬಹುದು. ಮಗಳನ್ನು ಕೊಟ್ಟ ಉದಗೀರಕ್ಕೋ ದೇಗಲೂರಿಗೋ ಮಾರುವಂತಿಲ್ಲ. ಬೀದರಿನವರಿಗೆ ಜಹೀರಾಬಾದ ನೆರೆಮನೆಯಂತಿದ್ದರೂ ತೆರಿಗೆಯ ಲೆಕ್ಕದಲ್ಲಿ ಅದು ಹೊರರಾಜ್ಯ. ಗಡಿಯಾಚೆ ಮಾರುವುದಾದರೆ ಮೊದಲು ನೋಂದಣಿ ಮಾಡಿಸಿರಿ. ಅದಕ್ಕೆ ಸರಕಾರಿ ಶುಲ್ಕವಿಲ್ಲ. ಕೆಲವು ಕರಕುಶಲ ವಸ್ತುಗಳಿಗೆ ಪ್ರತ್ಯೇಕ ರಿಯಾಯಿತಿಯುಂಟು. ಬಿದರಿ ಕೆಲಸದವರು ತಮ್ಮ ತೆರಿಗೆ ಸಲಹೆಗಾರರಲ್ಲಿ ವಿಚಾರಿಸತಕ್ಕದ್ದು.

ನೋಂದಣಿಯಾದ ಮೇಲೆ ಮಾರಾಟವಿಲ್ಲದಿದ್ದರೂ ರಿಟರ್ನ್ ಸಲ್ಲಿಸಲೇಬೇಕು. ತಡವಾದ ಶೂನ್ಯ ರಿಟರ್ನಿಗೂ ದಿನಕ್ಕೆ 20 ರೂಪಾಯಿ ವಿಳಂಬ ಶುಲ್ಕವಿದೆ. ಆನ್‌ಲೈನ್ ಮಾರುಕಟ್ಟೆಯವರು ನಿಮ್ಮ ಹಣದಲ್ಲಿ ಶೇಕಡಾ ಅರ್ಧದಷ್ಟು ತೆರಿಗೆಯೆಂದು ಹಿಡಿದು ಸರಕಾರಕ್ಕೆ ಕಟ್ಟುತ್ತಾರೆ. 2024ರ ಜುಲೈ 10ಕ್ಕೆ ಮುಂಚೆ ಇದು ಶೇಕಡಾ 1 ಇತ್ತು. ಒಂದು ಲಕ್ಷ ರೂಪಾಯಿಯ ಮಾರಾಟಕ್ಕೆ 500 ರೂಪಾಯಿ. ಅದು ಕಳೆದುಹೋದ ಹಣವಲ್ಲ. ಪೋರ್ಟಲ್‌ನಲ್ಲಿ ಒಪ್ಪಿಕೊಂಡರೆ ನಿಮ್ಮ ಖಾತೆಗೆ ಜಮೆಯಾಗಿ ತೆರಿಗೆ ಕಟ್ಟಲು ಒದಗುತ್ತದೆ.

2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ನೋಡಿ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದುದು ನಿಮಗೆ ನೆನಪಿರಬಹುದು. ಬೆಂಗಳೂರಿನಲ್ಲಿ ‘ನಗದು ಮಾತ್ರ’ ಎಂಬ ಫಲಕಗಳು ತೂಗಿದವು. ಫಲಕ ತೂಗಿಸುವುದು ಪರಿಹಾರವಲ್ಲ. ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ಕೈಗಡದ್ದೆಷ್ಟು, ತೆರಿಗೆಯಿಲ್ಲದ ಸರಕಿನದೆಷ್ಟು ಎಂದು ತೋರಿಸಲು ಒಂದು ವಹಿಯಿದ್ದರೆ ನೋಟಿಸಿಗೆ ಉತ್ತರವಿರುತ್ತದೆ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಶರಣೆ ಲಕ್ಕಮ್ಮ ಹೇಳಿದಳಲ್ಲವೇ? ಗಿರಾಕಿಯಿಂದ ತೆರಿಗೆಯೆಂದು ಪಡೆದ ಹಣವೂ ನಮ್ಮದಲ್ಲ. ಅದು ಸಮಾಜದ್ದು, ತಲುಪಬೇಕಾದಲ್ಲಿಗೆ ತಲುಪಬೇಕು. ಹಾಗೆಯೇ ಕೊಡಬೇಕಿಲ್ಲದುದಕ್ಕೆ ಅಂಜಿ ಕಾಯಕ ಬಿಡುವುದೂ ಸಲ್ಲದು. ಇಂದು ಸಂಜೆ ಇಷ್ಟಲಿಂಗ ಪೂಜೆಯಾದ ಮೇಲೆ ಮನೆಯವರೆಲ್ಲ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಿರಿ: ವರ್ಷದ ಮಾರಾಟವೆಷ್ಟು? ಸರಕು ಗಡಿ ದಾಟುವುದೇ? ಕೊಳ್ಳುವವನು ಗೃಹಸ್ಥನೋ, ವ್ಯಾಪಾರಿಯೋ? ಉತ್ತರಗಳನ್ನು ವಹಿಯ ಮೊದಲ ಪುಟದಲ್ಲಿ ಬರೆದಿಡಿರಿ. ಅರ್ಧ ಭಯ ಅಲ್ಲಿಯೇ ನೀಗುವುದು.