ಸರ್ವರ್ ಎಲ್ಲೇ ಇರಲಿ, ಕೀಲಿ ಯಾರ ಕೈಯಲ್ಲಿ?

ಜಿಡಗಾ ಮತ್ತು ಆಳಂದ ಸೀಮೆಯ ಮತದಾರ ಬಂಧುಗಳೇ,

ಪಹಣಿಗೆ ಹೋದರೂ ರೇಷನ್ನಿಗೆ ಹೋದರೂ "ಸರ್ವರ್ ಇಲ್ರೀ" ಅನ್ನೋ ಮಾತು ನಮಗೆ ರೂಢಿಯಾಗಿದೆ. ಆ ಸರ್ವರ್ ಯಾವ ಊರಲ್ಲಿದೆ, ಅದರೊಳಗಿನ ನಮ್ಮ ದಾಖಲೆ ಯಾವ ಕಾನೂನಿನ ಕೈಗೆ ಸಿಗುತ್ತದೆ ಎಂದು ಮಾತ್ರ ನಾವು ಕೇಳುವುದಿಲ್ಲ. ಯಾಕೆ ಕೇಳಬೇಕು ಅನ್ನುವುದಕ್ಕೆ ನಮ್ಮ ಕ್ಷೇತ್ರವೇ ಸಾಕ್ಷಿ.

2023ರ ವಿಧಾನಸಭಾ ಚುನಾವಣೆಗೆ ಮುಂಚೆ, ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರೆಂದು ಆನ್‌ಲೈನಿನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದರೆ ಸರಿಯಿದ್ದವು ಬರೀ 24! ಅರ್ಜಿ ಹಾಕಿದವರೆಂದು ಹೆಸರಿದ್ದ ಎಷ್ಟೋ ಜನರಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. ಉಳಿದ 5,994 ಅರ್ಜಿ ತಿರಸ್ಕೃತವಾದವು. ಅದಕ್ಕೆ ಇಲ್ಲಿನ ಬೂತ್ ಮಟ್ಟದ ಅಧಿಕಾರಿಗಳಿಗೆ (ಬಿಎಲ್‌ಒ) ಶಹಬ್ಬಾಸ್ ಅನ್ನಲೇಬೇಕು. ಫೆಬ್ರವರಿ 21ರಂದು ಆಳಂದ ಠಾಣೆಯಲ್ಲಿ ಎಫ್‌ಐಆರ್ ಆಯಿತು.

ಆದರೆ ಅರ್ಜಿ ಹಾಕಿದ ಕೈ ಯಾರದು? ತನ್ನಲ್ಲಿದ್ದ ಮಾಹಿತಿಯನ್ನು 2023ರ ಸೆಪ್ಟೆಂಬರ್ 6ರಂದೇ ಕಲಬುರಗಿ ಎಸ್‌ಪಿಗೆ ಕೊಟ್ಟಿದ್ದೇನೆ ಎನ್ನುತ್ತದೆ ಚುನಾವಣಾ ಆಯೋಗ. ಅದರಲ್ಲಿ ಐಪಿ ವಿಳಾಸಗಳೂ ಇದ್ದವು. ತನಿಖೆ ನಡೆಸುತ್ತಿದ್ದ ಸಿಐಡಿಗೆ ಅಷ್ಟು ಸಾಲಲಿಲ್ಲ. ಮೊಬೈಲ್ ಇಂಟರ್ನೆಟ್ಟಿನಲ್ಲಿ ಒಂದೇ ಐಪಿ ವಿಳಾಸವನ್ನು ಒಂದೇ ಹೊತ್ತಿಗೆ ನೂರಾರು ಮಂದಿ ಬಳಸುತ್ತಿರುತ್ತಾರೆ. ಓಣಿಯ ಹೆಸರು ಹೇಳಿ ಮನೆ ನಂಬರ್ ಬಿಟ್ಟ ಹಾಗೆ. ಯಾವ ಕ್ಷಣದಲ್ಲಿ, ಯಾವ ಸರ್ವರಿನ ಯಾವ ಪೋರ್ಟ್‌ಗೆ ಬಂದರು ಎಂಬ ವಿವರ ಬೇಕೆಂದು ಸಿಐಡಿ ಪತ್ರದ ಮೇಲೆ ಪತ್ರ ಬರೆಯಿತು. ಇತ್ತ ಟೆಲಿಕಾಂ ಕಂಪನಿಗಳು ಇಂಥ ದಾಖಲೆ ಇಟ್ಟುಕೊಳ್ಳಬೇಕೆಂದು ಲೈಸೆನ್ಸಿನ ನಿಯಮ ಹೇಳುವುದು ಕನಿಷ್ಠ ಎರಡು ವರ್ಷ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಇದಕ್ಕೆಂದು ವಿಶೇಷ ತನಿಖಾ ತಂಡ (ಎಸ್‌ಐಟಿ) ರಚಿಸುವ ಹೊತ್ತಿಗೆ ಆ ಅವಧಿ ಮುಗಿದುಹೋಗಿತ್ತು.

ಗಮನಿಸಿ: ಕೇಳಿದವರೂ ನಮ್ಮವರೇ, ಕೊಡಬೇಕಾದವರೂ ನಮ್ಮ ಸಂವಿಧಾನದಡಿಯವರೇ. ಹಾಗಾಗಿ "ಡೇಟಾ ಭಾರತದಲ್ಲೇ ಇಟ್ಟರೆ ಎಲ್ಲ ಸರಿಹೋಗುತ್ತದೆ" ಎನ್ನುವವರ ಮಾತನ್ನು ನಾವು ಪೂರ್ತಿ ಒಪ್ಪುವುದಿಲ್ಲ.

ಜಾಗಕ್ಕೆ ಬೆಲೆಯೇ ಇಲ್ಲವೆಂದೂ ಅಲ್ಲ. ಐರ್ಲೆಂಡಿನ ಡಬ್ಲಿನ್ ಸರ್ವರಿನಲ್ಲಿದ್ದ ಮೇಲ್ ಕೊಡಿರೆಂದು 2013ರಲ್ಲಿ ಅಮೆರಿಕದಲ್ಲಿ ವಾರಂಟ್ ಹೊರಟಾಗ ಮೈಕ್ರೋಸಾಫ್ಟ್ ಒಪ್ಪದೆ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 2018ರಲ್ಲಿ ಅಮೆರಿಕ ಕ್ಲೌಡ್ ಆಕ್ಟ್ ತಂದು, ಸರ್ವರ್ ಯಾವ ದೇಶದಲ್ಲಿದ್ದರೂ ತನ್ನ ಕಂಪನಿ ದಾಖಲೆ ಕೊಡಬೇಕೆಂದಿತು. ಅಂದಮೇಲೆ ಅಮೆರಿಕದ ಕಂಪನಿ ಮುಂಬೈಯಲ್ಲಿಟ್ಟ ಸರ್ವರಿಗೂ ಆ ಕಾನೂನಿನ ಕೈ ಚಾಚುತ್ತದೆ. ಅದೇ ವರ್ಷ ನಮ್ಮ ರಿಸರ್ವ್ ಬ್ಯಾಂಕ್, ಪಾವತಿಯ ಮಾಹಿತಿಯೆಲ್ಲ ಭಾರತದಲ್ಲೇ ಇರಬೇಕೆಂದು ಆರು ತಿಂಗಳ ಗಡುವು ಹಾಕಿತು. ಹಣದ ದಾಖಲೆಗೆ ಗಡುವು ಹಾಕಬಹುದಾದರೆ ಓಟಿನ ದಾಖಲೆಗೆ ಏಕಾಗದು?

ಪೊಲೀಸರು ಕೇಳಿದ ಕೂಡಲೇ ಎಲ್ಲರ ಮಾಹಿತಿ ಸುರಿಯಿರಿ ಎಂದು ನಾವು ಹೇಳುತ್ತಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿತು. ಆ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ನ್ಯಾಯಾಧೀಶರ ಆದೇಶ ಇರಲಿ, ತನಿಖೆಯಲ್ಲಿರುವ ಪ್ರಕರಣಕ್ಕೆ ಬೇಕಾದಷ್ಟೇ ತೆರೆಯಲಿ. ಆದರೆ ಎಫ್‌ಐಆರ್ ಆದ ದಿನದಿಂದ ಸರ್ವರಿನ ಲಾಗ್ ಅಳಿಸಕೂಡದು, ಆದೇಶವಾದ 30 ದಿನದೊಳಗೆ ಪೂರ್ತಿ ವಿವರ ತನಿಖೆಯವರ ಕೈ ಸೇರಬೇಕು. ಹೆಸರು ತೆಗೆಯಲು ಯಾರೇ ಅರ್ಜಿ ಹಾಕಲಿ, ಆ ಮತದಾರನಿಗೆ ಅದೇ ದಿನ ಕನ್ನಡದಲ್ಲಿ ಸಂದೇಶ ಬರಬೇಕು.

ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಠರಾವು ಮಾಡಿಸಿ, ಆಳಂದ ತಹಶೀಲ್ದಾರರ ಮೂಲಕ ಬೆಂಗಳೂರಿನ ಮುಖ್ಯ ಚುನಾವಣಾಧಿಕಾರಿಗೆ ಕಳಿಸೋಣ. ಠರಾವಿನ ಪ್ರತಿ ಮೇಲೆ ಸ್ವೀಕೃತಿಯ ಸಿಕ್ಕಾ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.